ಕನ್ನಡ ಸಂಘದ ಕಾರ್ಯದರ್ಶಿಗೆ

ಹೆಬ್ಬೂರು
ಭಾನುವಾರ

ಮುದ್ದು ಪುಟ್ಟಿ,

ನಿನ್ನ ಕಾಗದ ಗುರುವಾರವೇ ಕೈಸೇರಿತು. ಹಾಸ್ಟೆಲಿನಲ್ಲಿ ಫೋನು ಕೊಡುವುದು ವಾರಕ್ಕೊಂದು ಸಲ ಅಂತ ನೀನು ಗೊಣಗುತ್ತೀಯ. ನನಗಂತೂ ಅದರಿಂದ ಲಾಭವೇ, ಈ ಕಾಲದಲ್ಲಿ ಯಾವ ಅತ್ತೆಗೆ ನಾಲ್ಕು ಪುಟದ ಕಾಗದ ಬರುತ್ತೆ ಹೇಳು! ನಿಮ್ಮಪ್ಪನಿಗೂ ಓದಿ ಹೇಳಿದೆ. ಕನ್ನಡ ಸಂಘಕ್ಕೆ ನಿನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ ಅಂದಾಗ ಮೊದಲು ನಕ್ಕ. ಆಮೇಲೆ ಮೆಲ್ಲಗೆ, "ಇಂಗ್ಲಿಷ್ ಕ್ಲಬ್ಬಿಗೆ ತಗಳ್ನಿಲ್ವಂತಾ?" ಅಂದ. ಅಷ್ಟು ದೂರದ ಮಂಗಳೂರು ಕಡೆಯ ಕಾನ್ವೆಂಟಿಗೆ ಫೀಸು ಕಟ್ಟಿ ಕಳಿಸಿದ್ದೇ ಇಂಗ್ಲಿಷಿಗೆ ಅನ್ನೋದು ಅವನ ಲೆಕ್ಕ. ಅವನಿಗೆ ಉತ್ತರ ನೀನೇ ಕೊಡು, ನಾನು ಬಾಯಿ ಹಾಕಲಿಲ್ಲ.

ನೀನು ಬರೆದ ದೂರುಗಳಲ್ಲಿ ನನಗೆ ಹೆಚ್ಚು ನಾಟಿದ್ದು ನಗುವಿನದು. "ಐತೆ", "ಬತ್ತೀನಿ" ಅಂದರೆ ಹುಡುಗಿಯರು ಕಿಸಕ್ಕನೆ ನಗುತ್ತಾರೆ, ಅದಕ್ಕೇ ಸಂಘದ ಸಭೆಯಲ್ಲಿ ಬಾಯಿ ಬಿಡೋಕೆ ಅಂಜಿಕೆ ಅಂತ ಬರೆದಿದ್ದೀಯ. ಅವರ "ಉಂಟು" ಏನು ವ್ಯಾಕರಣ ಪುಸ್ತಕದಿಂದ ಇಳಿದು ಬಂದದ್ದೇ? ನೀನೂ ಒಂದು ಸಲ ನಕ್ಕುಬಿಡು, ಲೆಕ್ಕ ಚುಕ್ತಾ. ಆದರೆ ಅವರ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡು. ನಿನ್ನ ಜೊತೆಯವರಲ್ಲಿ ಹೆಚ್ಚಿನವರು ಮನೆಯಲ್ಲಿ ಕೊಂಕಣಿ, ಇಲ್ಲವೇ ತುಳು ಆಡುವವರು. ಅವರಿಗೆ ಕನ್ನಡ ಬಂದದ್ದು ಶಾಲೆಯಲ್ಲಿ, ಪುಸ್ತಕದ ಮೂಲಕ. ಅದಕ್ಕೇ ಅವರ ಮಾತು ಅಷ್ಟು ತೊಳೆದಿಟ್ಟ ಹಾಗಿರೋದು. ನಿನಗೆ ಬಂದದ್ದು ನಮ್ಮ ಜಗಲಿಯಲ್ಲಿ, ನಿಮ್ಮಜ್ಜಿಯ ಬೈಗುಳದ ಜೊತೆಗೆ.

ಹಾಗಂತ ಕನ್ನಡ ನಿನ್ನದು, ಅವರದಲ್ಲ ಅಂತ ಬೀಗಬೇಡ. ಮಂಗಳೂರಿನ ಕ್ರೈಸ್ತರು ಕೊಂಕಣಿ ಬರೆಯುವುದೇ ಕನ್ನಡ ಲಿಪಿಯಲ್ಲಿ. ಅಲ್ಲಿನ ಧರ್ಮಪ್ರಾಂತ್ಯದ 'ರಾಕ್ಣೊ' ವಾರಪತ್ರಿಕೆ 1938ರಿಂದ ಬರುತ್ತಿದೆ, ಯಾರ ಮನೆಯಿಂದಾದರೂ ಒಂದು ತರಿಸಿ ನೋಡು, ಅಕ್ಷರ ಪೂರಾ ನಿನಗೆ ಗೊತ್ತಿರುವವೇ. ಬಂಟ್ವಾಳದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಮಂಜೇಶ್ವರದ ಗೋವಿಂದ ಪೈಗಳದ್ದೂ ಅದೇ. ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು. ಇವರನ್ನೆಲ್ಲ ತೆಗೆದಿಟ್ಟರೆ ನಿಮ್ಮ ಪಠ್ಯಪುಸ್ತಕದಲ್ಲಿ ಏನು ಉಳಿಯುತ್ತೆ? ನಿನ್ನನ್ನು ನೋಡಿ ನಗುವವಳೇ ನಾಳೆ ನಿನಗಿಂತ ಚೆನ್ನಾಗಿ ಕನ್ನಡ ಬರೆದಾಳು. ಅವಳನ್ನು ಸಂಘದಿಂದ ದೂರ ಇಡಬೇಡ.

ಇಂಗ್ಲಿಷ್ ಕ್ಲಬ್ಬಿನಲ್ಲಿ ಜಾಗ ಸಿಗದವರೇ ಕನ್ನಡ ಸಂಘಕ್ಕೆ ಬಂದು ಕೂರುತ್ತಾರೆ ಅನ್ನೋ ದೂರಿಗೆ ನನ್ನ ಹತ್ತಿರ ಔಷಧಿ ಇಲ್ಲ. ಅದು ನಿಮ್ಮ ಶಾಲೆಯದೊಂದೇ ಕಥೆಯಲ್ಲ. ಹಾಗಂತ ಕಾನ್ವೆಂಟುಗಳನ್ನು ಬೈಯೋಕೂ ನನಗೆ ಮನಸ್ಸಿಲ್ಲ. ಫ್ರಾನ್ಸಿನಿಂದ ಹೊರಟ ಕಾರ್ಮೆಲ್ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದರು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದರು. ಹೆಣ್ಣುಮಕ್ಕಳನ್ನು ಹೊಸಿಲು ದಾಟಿಸುವುದೇ ಕಷ್ಟವಾಗಿದ್ದ ಕಾಲ ಅದು. ಆ ಋಣ ದೊಡ್ಡದು, ಅಲ್ಲಗಳೆಯುವ ಹಾಗಿಲ್ಲ. ಇಂಗ್ಲಿಷ್ ಕಲಿ, ಚೆನ್ನಾಗಿಯೇ ಕಲಿ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಇಂಗ್ಲಿಷ್ ಮೇಷ್ಟರು. ಅವರೇ 1911ರಲ್ಲಿ ಧಾರವಾಡಕ್ಕೆ ಹೋಗಿ, ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆ ಎತ್ತುವ ಬಗೆಯ ಮೇಲೆ ಮಾತಾಡಿದರು. ಒಂದು ಭಾಷಣ! ನೂರು ವರ್ಷ ಕಳೆದರೂ ಜನ ಅದರ ಹೆಸರು ಹೇಳುತ್ತಾರೆ. ಅದಕ್ಕೆ ಯಾರೂ ಮೊದಲನೇ ಬಹುಮಾನ ಕೊಟ್ಟಿರಲಿಲ್ಲ.

ಈಗ ನಿನ್ನ ಅಂತರಶಾಲಾ ಸ್ಪರ್ಧೆಯ ಮಾತು. ವಿಷಯ 'ಜಲ ಸಂರಕ್ಷಣೆ', ಐದು ನಿಮಿಷ, ಮಿಸ್ಸು ಬರೆದುಕೊಟ್ಟಿದ್ದಾರೆ, ನೀನು ಬಾಯಿಪಾಠ ಮಾಡುತ್ತಿದ್ದೀಯ. ಆ ಕಾಗದದ ನಕಲನ್ನೂ ಕಳಿಸಿ "ಹೇಗಿದೆ ಅತ್ತೆ" ಅಂತ ಕೇಳಿದ್ದೀಯ. ಓದಿದೆ. ತಪ್ಪೇನೂ ಇಲ್ಲ, ಆದರೆ ಅದರಲ್ಲಿ ನೀನೂ ಇಲ್ಲ. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಮಟ್ಟದಿಂದ ಜಿಲ್ಲಾ ಮಟ್ಟದವರೆಗೆ ನಾನು ತೀರ್ಪುಗಾರಳಾಗಿ ಕೂತವಳು, ಇದೇ ಭಾಷಣವನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ. ಮಗು ಬಂದು ನಿಲ್ಲುತ್ತೆ. "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಒಂದೇ ಉಸಿರಿಗೆ ಶುರು. ಎರಡನೇ ಸಾಲಿಗೆ ಬಲಗೈ ಮೇಲೇಳುತ್ತೆ, ಐದನೇ ಸಾಲಿಗೆ ಎಡಗೈ. ಮನೆಯಲ್ಲಿ ಹಾಗೇ ಹೇಳಿಕೊಟ್ಟಿರುತ್ತಾರೆ. ನಡುವೆ ಒಂದು ಪದ ಮರೆತರೆ ಮುಗಿಯಿತು, ಕಣ್ಣು ಮೇಲಕ್ಕೆ ಹೋಗುತ್ತೆ, ತುಟಿ ಪಿಟಿಪಿಟಿ ಅನ್ನುತ್ತೆ, ಮತ್ತೆ "ವೇದಿಕೆಯ ಮೇಲೆ ಆಸೀನರಾಗಿರುವ" ಇಂದಲೇ ಬರಬೇಕು. ಬಾಗಿಲ ಹತ್ತಿರ ನಿಂತ ಟೀಚರು ತುಟಿ ಆಡಿಸುತ್ತಾ ಸನ್ನೆ ಮಾಡುತ್ತಿರುತ್ತಾರೆ. ಅವರಿಗೂ ಅಷ್ಟೇ ಬೆವರು. ಕೊನೆಗೆ ಯಾರು ತಡವರಿಸಲಿಲ್ಲವೋ ಅವರಿಗೆ ಬಹುಮಾನ. ಅದು ಜ್ಞಾಪಕಶಕ್ತಿಗೆ ಕೊಡುವ ಬಹುಮಾನ, ಮಾತಿಗಲ್ಲ ಅಂತ ಸಿಬ್ಬಂದಿ ಕೋಣೆಯಲ್ಲಿ ನಾನು ಜಗಳವಾಡಿದ್ದೂ ಉಂಟು. (ನೋಡು, ನನಗೂ "ಉಂಟು" ಬಂತು.)

ನಿನ್ನ ಹತ್ತಿರ ಹೇಳೋಕೆ ಏನೂ ಇಲ್ಲವೇ? ಬೋರ್‌ವೆಲ್ ಲಾರಿ ನಮ್ಮ ತೋಟಕ್ಕೆ ಬಂದ ರಾತ್ರಿ ನೆನಪು ಮಾಡಿಕೋ. ಮಲಗು ಅಂದರೂ ಕೇಳದೆ ನೀನು ಕಂಬಳಿ ಹೊದ್ದು ಬದುವಿನ ಮೇಲೆ ಕೂತಿದ್ದೆ. ಒಂದೊಂದು ರಾಡು ಒಳಗಿಳಿದಾಗಲೂ ಲಾರಿಯ ಹುಡುಗ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಅಡಿಗಿಷ್ಟು ಅಂತ ದುಡ್ಡು, ನಿಮ್ಮಪ್ಪ ಗುಂಡಿ ನೋಡೋದು ಬಿಟ್ಟು ಆ ಗೆರೆಗಳನ್ನೇ ಎಣಿಸುತ್ತಿದ್ದ. ಬೆಳಗಾಗುವ ಹೊತ್ತಿಗೆ ತೆಂಗಿನ ಗರಿ, ಅಡಿಕೆ ಗೊನೆ, ನಿನ್ನ ಜಡೆ, ಎಲ್ಲದರ ಮೇಲೂ ಬಿಳೀ ಕಲ್ಲುಹುಡಿ. ನೀರು ಮಾತ್ರ ಬರಲಿಲ್ಲ. ಹೇಮಾವತಿ ನೀರಿನ ಗೂಳೂರು-ಹೆಬ್ಬೂರು ಏತ ನೀರಾವರಿ ಅಂದರೆ ಇಲ್ಲಿನವರು ಯಾಕೆ ಕಿವಿ ನೆಟ್ಟಗೆ ಮಾಡುತ್ತಾರೆ, ಕೆರೆಗೆ ನೀರು ಬಂತಾ ಅಂತ ಬಸ್‌ಸ್ಟಾಂಡಿನಲ್ಲಿ ಯಾಕೆ ದಿನಾ ವಿಚಾರಿಸುತ್ತಾರೆ, ಇದೆಲ್ಲ ನಿನಗೆ ಗೊತ್ತು. ಮಳೆ ಹೊಡೆದು ಹೊಡೆದು ಗೋಡೆಗೆ ಪಾಚಿ ಕಟ್ಟುವ ಊರಿನ ತೀರ್ಪುಗಾರರಿಗೆ ಇದು ಹೊಸ ಸುದ್ದಿ. ಇದನ್ನು ಬಿಟ್ಟು "ನೀರು ಅಮೂಲ್ಯ" ಅಂತ ನೀನು ಹೇಳಬೇಕೇ? "ಬೋರು ಫೇಲಾಯ್ತು" ಅಂತಲೇ ಹೇಳು, "ಕೊಳವೆಬಾವಿ ವಿಫಲವಾಯಿತು" ಬೇಡ.

ಗಂಟಲಿನ ಬಗ್ಗೆ ಒಂದು ಮಾತು. ನಮ್ಮ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರಿದ್ದರು. ಆ ಕಾಲದ ನಾಟಕದವರ ಮಾತು ಕೊನೆಯ ಸಾಲಿನ ನೆಲದವನಿಗೂ ಕೇಳಬೇಕಿತ್ತು, ಮೈಕು ನಂಬಿ ಕೂರುವ ಹಾಗಿರಲಿಲ್ಲ. ಕಿರುಚಬೇಡ. ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿರುವ ಒಬ್ಬಳನ್ನು ಹುಡುಕಿ ಅವಳಿಗೆ ಹೇಳು. ಎಚ್ಚರಿಕೆಯ ಗಂಟೆ ಹೊಡೆದರೆ ಗಾಬರಿಯಾಗಬೇಡ, ಒಂದು ವಾಕ್ಯ ಮುಗಿಸಿ ಇಳಿ.

ಸಂಘ ಹೇಗೆ ನಡೆಸಲಿ ಅಂತ ಕೇಳಿದ್ದೀಯ. ಬೆಂಗಳೂರಿನ ಕ್ರೈಸ್ಟ್ ಕಾಲೇಜೂ ಕ್ಯಾಥೊಲಿಕ್ ಪಾದ್ರಿಗಳದ್ದೇ. ಅಲ್ಲಿ ಚಿ. ಶ್ರೀನಿವಾಸರಾಜು ಅಂತ ಕನ್ನಡ ಮೇಷ್ಟರು ಹುಡುಗರ ಕನ್ನಡ ಸಂಘ ಬೆಳೆಸಿದರು. ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ ನಡೆಸಿದರು, ಗೆದ್ದ ಕವನಗಳನ್ನು ಪುಸ್ತಕ ಮಾಡಿದರು. ಎಷ್ಟೋ ಕವಿಗಳ ಮೊದಲ ಪದ್ಯ ಅಚ್ಚಾಗಿದ್ದು ಅಲ್ಲಿ. ಆಡಳಿತ ಯಾರದ್ದು ಅನ್ನೋದಕ್ಕಿಂತ ಸಂಘದಲ್ಲಿ ಹಟ ಹಿಡಿದು ಕೂರುವವರು ಯಾರು ಅನ್ನೋದೇ ಮುಖ್ಯ ಅಂತ ನನ್ನ ನಂಬಿಕೆ. ನೀನು ಅಷ್ಟೆಲ್ಲ ಮಾಡಬೇಕಿಲ್ಲ. ಸಿಸ್ಟರನ್ನು ಕೇಳಿ ತಿಂಗಳಿಗೊಂದು ಶುಕ್ರವಾರ ಕೊನೆಯ ಪಿರಿಯಡ್ಡು ತಗೋ. ಹುಡುಗಿಯರು ಚೀಟಿ ಎತ್ತಿ ಮಾತಾಡಲಿ, ಬಹುಮಾನ ಬೇಡ, ಅಂಕವೂ ಬೇಡ. ಒಬ್ಬಳು ಕೊಂಕಣಿಯಲ್ಲಿ ಅವಳಜ್ಜಿಯ ಕಥೆ ಹೇಳಲಿ, ಇನ್ನೊಬ್ಬಳು ಅದನ್ನೇ ಕನ್ನಡದಲ್ಲಿ ಹೇಳಲಿ. ನವೆಂಬರ್ ಒಂದರಂದು ಬಾವುಟ ಹಾರಿಸಿ ಬೀಗ ಹಾಕುವ ಸಂಘ ಆದರೆ ಅದಕ್ಕೆ ಕಾರ್ಯದರ್ಶಿ ಯಾಕೆ?

ದಸರಾ ರಜೆಗೆ ಬರುವಾಗ ಬೆಂಗಳೂರು ಬಸ್ಸು ಹತ್ತಿ ನಿದ್ದೆ ಹೊಡೆಯಬೇಡ, ಕುಣಿಗಲ್ಲಿನಲ್ಲಿ ಇಳಿದುಬಿಡು, ನಿಮ್ಮಪ್ಪ ಅಲ್ಲಿಗೇ ಬರುತ್ತಾನೆ. ಅದಕ್ಕೆ ಮೊದಲು, ಮಿಸ್ಸಿಗೆ ಹೇಳಿಯೇ ನಿನ್ನ ಭಾಷಣ ನೀನೇ ಬರೆದು ನನಗೆ ಅಂಚೆಗೆ ಹಾಕು. ತಿದ್ದುವುದಿಲ್ಲ, ಓದುತ್ತೇನೆ ಅಷ್ಟೇ.

ನಿನ್ನ ಅತ್ತೆ