ಶನಿವಾರದ ಸರ್

ಫೋಟೋದಲ್ಲಿರುವ ಹೆಂಗಸು ರಾಜುವಿನ ತಾಯಿಯ ಒಬ್ಬನೇ ತಮ್ಮನ ಹೆಂಡತಿ. ಹಾಗಾದರೆ ಅವಳು ರಾಜುವಿಗೆ ಏನಾಗಬೇಕು? ಎಂಟನೇ ತರಗತಿಯ ಹುಡುಗಿಯೊಬ್ಬಳು ತಡಮಾಡದೆ ಕೈಯೆತ್ತಿ, ‘ಅಕ್ಕ ಆಗ್ತಾಳ್ರಿ ಸರ್’ ಎನ್ನುತ್ತಾಳೆ. ಅಭ್ಯಾಸ ಪುಸ್ತಕದ ಕೊನೆಯಲ್ಲಿರುವ ಕೀ ಉತ್ತರ ‘ಅತ್ತೆ’. ಆದರೆ ಹುಡುಗಿಯ ಮನೆಯಲ್ಲಿ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದಾರೆ. ಅಲ್ಲಿ ಮಾವನ ಹೆಂಡತಿ ಅಕ್ಕನೇ. ಹಿಂದಿನ ಬೆಂಚಿನ ಹುಡುಗನದು ಬೇರೆ ತಕರಾರು. ಅವನ ಅಪ್ಪನ ತಂಗಿಯನ್ನು ಅವ್ವನ ತಮ್ಮನಿಗೆ ಕೊಟ್ಟು ಕೊಡು-ಕೊಳ್ಳು ಮಾಡಿಕೊಂಡಿದ್ದಾರೆ. ‘ನಮ್ಮನ್ಯಾಗ ಎರಡೂ ಕಡಿಂದ ಅತ್ತಿನ ಆಗ್ತಾಳ್ರಿ’ ಎಂದು ಅವನು ಹೇಳಿದ್ದೇ ತರಗತಿಯೆಲ್ಲ ನಗು. ಬೋರ್ಡಿನ ಮೇಲೆ ಯಾರ್‍ಯಾರದೋ ವಂಶವೃಕ್ಷ ಬೆಳೆಯತೊಡಗುತ್ತದೆ, ಅರ್ಧ ಗಂಟೆ ಹೋಗುತ್ತದೆ, ಕ್ಯಾಲೆಂಡರ್ ಲೆಕ್ಕ ಮುಂದಿನ ವಾರಕ್ಕೆ.

ಇಂಥ ಪ್ರಶ್ನೆಗಳು ಬರುವುದು ಎನ್‌ಎಂಎಂಎಸ್ ಪರೀಕ್ಷೆಯಲ್ಲಿ. ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ವಿದ್ಯಾರ್ಥಿವೇತನ ಇದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದವರಿಗೆ. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಗಾರೆ ಕೆಲಸದವರ ಮನೆಯಲ್ಲಿ ‘ಹುಡುಗಿ ಓದಿದ್ದು ಸಾಕು’ ಎಂಬ ಮಾತು ಮೇಲೇಳದಂತೆ ನೋಡಿಕೊಳ್ಳಲು ಈ ದುಡ್ಡು ಎಷ್ಟೋ ಸಲ ಸಾಕಾಗುತ್ತದೆ.

ಬೆಂಗಳೂರಿನ ಅಂಚಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಹೀಗೆ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಬರುವ ಸ್ವಯಂಸೇವಕರಿಗೆ ಮಕ್ಕಳು ಇಟ್ಟಿರುವ ಹೆಸರು ‘ಶನಿವಾರದ ಸರ್’. ಹೆಂಗಸರಾದರೆ ‘ಶನಿವಾರದ ಮಿಸ್’. ಬ್ಯಾಂಕಿನಿಂದ ನಿವೃತ್ತರಾದವರು, ಐಟಿ ಕಂಪನಿಯ ಹುಡುಗರು, ಮಕ್ಕಳು ದೊಡ್ಡವರಾಗಿ ಮಧ್ಯಾಹ್ನಗಳು ಖಾಲಿಯಾದ ಗೃಹಿಣಿಯರು, ಹೀಗೆ ಎಲ್ಲ ಬಗೆಯವರೂ ಇದ್ದಾರೆ. ಕೆಲವರು 1999ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಡ್ರೀಮ್ ಎ ಡ್ರೀಮ್‌ನಂಥ ಸಂಸ್ಥೆಗಳ ಮೂಲಕ ಬರುತ್ತಾರೆ, ಕೆಲವರು ಸೀದಾ ಮುಖ್ಯಶಿಕ್ಷಕರ ಕೋಣೆಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಬಂದವರೆಲ್ಲ ಉಳಿಯುವುದಿಲ್ಲ. ಉಳಿದವರನ್ನು ‘ಸಮಾಜಸೇವೆ ಮಾಡ್ತಿದ್ದೀರಿ’ ಎಂದು ಹೊಗಳಿದರೆ ಸ್ವಲ್ಪ ಮುಜುಗರಪಡುತ್ತಾರೆ. ಅವರ ಮಟ್ಟಿಗೆ ಇದು ಇಸ್ಪೀಟು, ಸಂಗೀತ ಕಛೇರಿಗಳ ಸಾಲಿಗೆ ಸೇರುವ ಒಂದು ಚಟ.

ಚಟದ ರುಚಿ ಹತ್ತುವುದು ಮಾತ್ರ ನಿಧಾನ. ಮೊದಲ ಕೆಲವು ವಾರ ಮಕ್ಕಳ ಬಾಯಿಂದ ‘ಹೌದು ಸರ್’, ‘ಇಲ್ಲ ಸರ್’ ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಹೊಸಬರು ಗಾಬರಿಯಿಂದ ಆ ಮೌನವನ್ನು ಉಪದೇಶದಿಂದ ತುಂಬುತ್ತಾರೆ: ಚೆನ್ನಾಗಿ ಓದಬೇಕು, ಮೊಬೈಲ್ ನೋಡಬಾರದು, ಗುರಿ ಇರಬೇಕು. ಮಕ್ಕಳು ತಲೆಯಾಡಿಸುತ್ತಾರೆ. ಇಂಥ ಭಾಷಣಕ್ಕೆ ತಲೆಯಾಡಿಸುವುದನ್ನು ಅವರು ಒಂದನೇ ತರಗತಿಯಲ್ಲೇ ಕಲಿತಿರುತ್ತಾರೆ. ನುರಿತವರ ರೀತಿ ಬೇರೆ. ಅವರು ಹರಟೆಗೆ ಕೂರುತ್ತಾರೆ. ಆರ್‌ಸಿಬಿ, ಹೊಸ ಸಿನಿಮಾ, ಬಿಸಿಯೂಟದ ಸಾಂಬಾರಿನಲ್ಲಿ ಇವತ್ತು ಸೊಪ್ಪು ಎಷ್ಟಿತ್ತು, ಶೆಡ್ಡಿನ ಪಕ್ಕದಲ್ಲಿ ಮರಿ ಹಾಕಿದ ನಾಯಿ. ಸಂಕ್ರಾಂತಿ ಹತ್ತಿರ ಬಂದಾಗ ಗಾರೆ ಕೆಲಸಕ್ಕೆಂದು ಯಾದಗಿರಿಯ ಕಡೆಯಿಂದ ಬಂದವರ ಮಕ್ಕಳು ಮೈಲಾಪುರದ ಮಲ್ಲಯ್ಯನ ಜಾತ್ರೆಯ ಸುದ್ದಿ ತೆಗೆಯುತ್ತಾರೆ. ಆಗ ಶನಿವಾರದ ಸರ್ ವಿದ್ಯಾರ್ಥಿ, ಮಕ್ಕಳೇ ಮೇಷ್ಟ್ರು. ಜಾತ್ರೆಯ ಮಾತಿನ ನಡುವೆಯೇ ಇನ್ನೊಂದು ಸಂಗತಿ ಹೊರಬೀಳುತ್ತದೆ: ಈ ಸಲ ಊರಿಗೆ ಹೋದರೆ ವಾಪಸು ಬರುವುದು ಅನುಮಾನ. ಅಪ್ಪ ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟು ಪೂರ್ತಿಯಾಗಿದೆ, ಮುಂದಿನ ಸೈಟು ಎಲ್ಲಿ ಎಂದು ಮೇಸ್ತ್ರಿ ಇನ್ನೂ ಹೇಳಿಲ್ಲ. ಇದನ್ನು ‘ನಿನ್ನ ಸಮಸ್ಯೆ ಏನು?’ ಎಂದು ನೇರವಾಗಿ ಕೇಳಿದ್ದರೆ ಯಾವ ಮಗುವೂ ಹೇಳುತ್ತಿರಲಿಲ್ಲ.

ಹರಟೆಯ ಪರವಾಗಿ ಲೆಕ್ಕಾಚಾರವೂ ಇದೆ. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆ ತನ್ನ ಮೂಲವನ್ನು 1904ರ ನ್ಯೂಯಾರ್ಕ್‌ನಲ್ಲಿ ಕಾಣುತ್ತದೆ. ಅಲ್ಲಿನ ಮಕ್ಕಳ ನ್ಯಾಯಾಲಯದ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೂಲ್ಟರ್, ಕಟಕಟೆಗೆ ಬರುತ್ತಿದ್ದ ಹುಡುಗರನ್ನು ನೋಡಿ ನೋಡಿ ಬೇಸತ್ತು, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ದೊಡ್ಡವರನ್ನು ಜೊತೆ ಮಾಡತೊಡಗಿದರು. 1990ರ ದಶಕದಲ್ಲಿ ಸಂಶೋಧಕರು ಆ ಸಂಸ್ಥೆಯ ಇಂಥ ಜೋಡಿಗಳನ್ನು ಹಿಂಬಾಲಿಸಿ ನೋಡಿದರು. ಮೊದಲ ದಿನದಿಂದಲೇ ಹುಡುಗರನ್ನು ತಿದ್ದಲು ಹೊರಟವರ ಜೋಡಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಒಂಬತ್ತು ತಿಂಗಳೊಳಗೆ ಮುರಿದುಬಿದ್ದಿದ್ದವು. ಮೊದಲು ಸ್ನೇಹ, ಉಳಿದದ್ದು ಆಮೇಲೆ ಎಂದವರಲ್ಲಿ ಮುರಿದದ್ದು ಹತ್ತರಲ್ಲಿ ಒಂದರಷ್ಟು. 2002ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಪ್ರಕಟಿಸಿದ ಅಧ್ಯಯನ ಇನ್ನೂ ಖಾರ: ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಲಾಭ ಎದ್ದು ಕಾಣುತ್ತಿತ್ತು, ಮೂರು ತಿಂಗಳೊಳಗೆ ಕೈಬಿಟ್ಟವರ ಮಕ್ಕಳಲ್ಲಿ ಆತ್ಮವಿಶ್ವಾಸ ಮೊದಲಿಗಿಂತ ಕೆಳಗಿಳಿದಿತ್ತು. ಕಂಪನಿಯ ಬಣ್ಣದ ಟೀ ಶರ್ಟ್ ತೊಟ್ಟು ಒಂದು ದಿನ ಬಂದು, ಗೋಡೆಗೆ ಬಣ್ಣ ಬಳಿದು, ಮಕ್ಕಳ ಜೊತೆ ಸೆಲ್ಫಿ ತೆಗೆದುಕೊಂಡು ಹೋಗುವವರು ಇದನ್ನೊಮ್ಮೆ ಓದಬೇಕು. ಗೋಡೆಗೆ ಬಣ್ಣವೂ ಬೇಕು, ಸರಿ. ‘ಮತ್ತೆ ಬರ್ತೀವಿ’ ಎಂದು ಮಕ್ಕಳಿಗೆ ಹೇಳಿಹೋಗದಿದ್ದರಾಯಿತು.

ಹರಟೆಯಷ್ಟೇ ರುಚಿಯ ಇನ್ನೊಂದು ಕೆಲಸ ಕಾಗದಪತ್ರ. ಹೊರಗಿನವರಿಗೆ ಇದು ಬೇಸರದ್ದೆನಿಸಬಹುದು, ಒಳಗಿದ್ದವರಿಗೆ ಪತ್ತೇದಾರಿ. ಆಧಾರ್‌ನಲ್ಲಿ ಹುಡುಗನ ಹೆಸರಿನ ಮುಂದೆ ಅಪ್ಪನ ಹೆಸರಿದೆ, ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್ ಇದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ಮೂರು ಕಡೆ ಮೂರು ಹುಡುಗರಿದ್ದಾರೆ, ಸ್ಕಾಲರ್‌ಶಿಪ್ಪಿನ ದುಡ್ಡಿಗೆ ಯಾರ ಖಾತೆಗೆ ಹೋಗಬೇಕೋ ತಿಳಿಯದು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ತಿದ್ದುಪಡಿಗೆ ಆಧಾರ್ ಕೇಂದ್ರ, ಅಲ್ಲಿಂದ ಬ್ಯಾಂಕು. ದಿನಗೂಲಿಯ ಅಪ್ಪ ಒಂದು ದಿನ ಕಚೇರಿ ಅಲೆದರೆ ಆ ದಿನದ ಕೂಲಿ ಹೋಯಿತು. ಜೀವನವಿಡೀ ಲೆಡ್ಜರ್ ತಾಳೆ ನೋಡಿದ ನಿವೃತ್ತ ಬ್ಯಾಂಕ್ ನೌಕರರು ಇಲ್ಲಿ ಹುಲಿಗಳು. ಒಂದು ಇನಿಷಿಯಲ್ ಸರಿಹೋದ ದಿನ ಅವರ ಮುಖದಲ್ಲಿ ಕಾಣುವ ಗೆಲುವನ್ನು ಪ್ರಮೋಷನ್ ಸಿಕ್ಕ ದಿನವೂ ಅವರ ಮನೆಯವರು ಕಂಡಿರಲಿಕ್ಕಿಲ್ಲ.

ಹತ್ತನೇ ತರಗತಿಯವರ ಜೊತೆ ಮಾತು ಬೇರೆ ದಾರಿ ಹಿಡಿಯುತ್ತದೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಏನು ಎಂದರೆ ಮಕ್ಕಳಿಗೆ ಗೊತ್ತಿರುವುದು ಪಿಯುಸಿ, ಇಲ್ಲವೇ ಕೆಲಸ. ಐಟಿಐ ಮುಗಿಸಿ ನೇರ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು, ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಕಲಿತವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ ಎಂಬುದೆಲ್ಲ ಅನುಕೂಲಸ್ಥರ ಮನೆಗಳಲ್ಲಿ ಚಿಕ್ಕಪ್ಪನೋ ಪಕ್ಕದ ಮನೆಯವರೋ ಊಟದ ಹೊತ್ತಿಗೆ ಹೇಳುವ ಸಂಗತಿ. ಇಲ್ಲಿ ಆ ಚಿಕ್ಕಪ್ಪನ ಜಾಗ ಖಾಲಿ.

ಆ ಜಾಗದಲ್ಲಿ ಒಬ್ಬರಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎಚ್. ನರಸಿಂಹಯ್ಯನವರ ಕಥೆ ಕನ್ನಡಿಗರಿಗೆ ಗೊತ್ತಿರುವುದೇ. ಗೌರಿಬಿದನೂರು ಬಳಿಯ ಹೊಸೂರಿನ ಬಡಹುಡುಗ. ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಅವರ ಭರವಸೆಯ ಮೇಲೆ 1935ರಲ್ಲಿ, ಬಸ್ಸಿಗೆ ದುಡ್ಡಿಲ್ಲದೆ, ಎರಡು ದಿನ ನಡೆದು ಬೆಂಗಳೂರು ಸೇರಿದ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಎಚ್ಚೆನ್ ವಿದ್ಯಾರ್ಥಿಗಳ ನಡುವೆ, ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಈ ಕಥೆ ಹೇಳುವವರೆಲ್ಲ ನಡಿಗೆಯನ್ನು ಹಿಗ್ಗಿಸಿ ಹೇಳುತ್ತಾರೆ, ಕರೆದ ಮೇಷ್ಟ್ರನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ.

ಶನಿವಾರದ ಹರಟೆಗೂ ಒಂದು ಕಡೆ ಗೆರೆಯಿದೆ. ‘ಯಾರಿಗೂ ಹೇಳಲ್ಲ ಅಂತ ಪ್ರಮಾಣ ಮಾಡಿ ಸರ್’ ಎಂದು ಮಗು ಕೇಳಿದಾಗ ಅನುಭವಿಗಳು ಪ್ರಮಾಣ ಮಾಡುವುದಿಲ್ಲ. ಮನೆಯಲ್ಲಿ ಮದುವೆಯ ಮಾತು ನಡೆದಿರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು. ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದೂ ಮುಚ್ಚಿಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098 ಅವರ ಫೋನಿನಲ್ಲಿರುತ್ತದೆ. ಯಾರಿಗೆ, ಎಷ್ಟು ಹೇಳಬೇಕಾಗುತ್ತದೆ ಎನ್ನುವುದನ್ನು ಮಗುವಿಗೆ ಮೊದಲೇ ತಿಳಿಸಿಬಿಡುತ್ತಾರೆ. ಆಮೇಲೂ ಮಗು ಮಾತು ಮುಂದುವರಿಸಿದರೆ ಅದು ದೊಡ್ಡ ವಿಷಯ.

ಇಷ್ಟೆಲ್ಲ ಇದ್ದರೂ ಪಾಠ ಬಿಟ್ಟುಹೋಗುವ ಶನಿವಾರಗಳು ಬಹಳ. ಶಾಲೆಗಳ ನಡುವಿನ ಪ್ರತಿಭಾ ಕಾರಂಜಿ ಸ್ಪರ್ಧೆ ಹತ್ತಿರವಾದರೆ ಮುಖ್ಯಶಿಕ್ಷಕಿ, ‘ಈ ವಾರ ಮಕ್ಕಳು ಸಿಗಲ್ಲ, ನೀವು ರೆಸ್ಟ್ ತಗೊಳ್ಳಿ’ ಎಂದು ಫೋನ್ ಮಾಡುತ್ತಾರೆ. ಮಕ್ಕಳ ಆಜ್ಞೆ ಬೇರೆಯೇ: ‘ಬರ್ರಿ ಸರ್, ನಾವು ಕೋಲಾಟ ಆಡ್ತೀವಿ.’ ಶನಿವಾರದ ಸರ್ ಹೋಗುತ್ತಾರೆ. ಹೋದವರ ಕೈಗೆ ಪಿನ್ನಿನ ಡಬ್ಬಿ, ಮುಖಕ್ಕೆ ಹಚ್ಚುವ ಪೌಡರು, ಒಂದು ಜೊತೆ ಕೋಲು ಬರುತ್ತವೆ. ‘ಇದನ್ನ ಯಾರಿಗೂ ಕೊಡಬ್ಯಾಡ್ರಿ’ ಎಂದು ಅಪ್ಪಣೆ ಕೊಟ್ಟು ಹುಡುಗಿಯರು ವೇದಿಕೆ ಹತ್ತುತ್ತಾರೆ. ಪಕ್ಕದ ಶಾಲೆಯ ಮಿಸ್ ಬಂದು ಎರಡೇ ಎರಡು ಪಿನ್ನು ಕೇಳುತ್ತಾರೆ. ಸರ್ ಧರ್ಮಸಂಕಟದಲ್ಲಿ ವೇದಿಕೆಯ ಕಡೆ ನೋಡುತ್ತಾರೆ, ಡಬ್ಬಿ ಕೊಡುವುದಿಲ್ಲ.