ಮತ್ತೆ ಒಂದನೇ ವರ್ಷ

ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಅಕ್ಕನ ಮಗಳನ್ನು ಹತ್ತಿಸಿ ಬರುವುದು ಎರಡು ವರ್ಷ ನಮ್ಮ ಮನೆಯಲ್ಲಿ ಪಾಳಿಯ ಕೆಲಸವಾಗಿತ್ತು. ಒಂದು ದಿನ ಭಾವ, ಒಂದು ದಿನ ನಾವು. ಲಕ್ಷ್ಮೇಶ್ವರದಿಂದ ಅಲ್ಲಿಗೆ ದಿನಾ ಹೋಗಿ ಬಂದು ಐದು ವರ್ಷದ ಕಾನೂನು ಪದವಿ ಓದುತ್ತಿದ್ದಳು. ಭಾವ ದರ್ಜಿ. ಮಗಳ ಕರಿಕೋಟಿನ ಬಟ್ಟೆಯನ್ನು ಮೊದಲ ವರ್ಷವೇ ಕತ್ತರಿಸಿ ಇಟ್ಟಿದ್ದರು.

ಎರಡನೇ ವರ್ಷದ ಫಲಿತಾಂಶ ಬಂದ ರಾತ್ರಿ ಅವಳು, "ಮಾಮೂ, ನಾ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಹೋಗಬೇಕಂತೀನಿ" ಎಂದಳು. ನಮ್ಮ ಮನೆಮಾತು ಉರ್ದು. ಕಾಲೇಜಿನ ಮಾತು ಬಂದರೆ ಮಾತ್ರ ಹುಡುಗಿ ಕನ್ನಡಕ್ಕೆ ಹೊರಳುತ್ತಾಳೆ.

ಟಿ.ಸಿ. ತಗೊಂಡು ಹೋದರಾಯಿತು ಎಂದುಕೊಂಡೆವು. ನಾವೂ ಶಾಲೆ ಬದಲಿಸಿದವರೇ. ನಾಲ್ಕನೆಯ ತನಕ ಉರ್ದು ಶಾಲೆ, ಐದಕ್ಕೆ ಕನ್ನಡ ಶಾಲೆ. ಅಬ್ಬಾ ಜೇಬಿನಲ್ಲಿ ಮಡಚಿ ತಂದ ಒಂದು ಚೀಟಿ ಸಾಕಾಯಿತು. ನಾಲ್ಕನೇ ಪಾಸಾದದ್ದನ್ನು ಯಾರೂ ಅಳಿಸಲಿಲ್ಲ.

ಇಲ್ಲಿ ಹಾಗಲ್ಲ. ಲಾ ಸ್ಕೂಲಿನ ಐದು ವರ್ಷದ ಕೋರ್ಸಿಗೆ ಇರುವುದು ಒಂದೇ ಬಾಗಿಲು, ಕ್ಲಾಟ್ ಪರೀಕ್ಷೆ. ಅದು ತೆರೆಯುವುದು ಮೊದಲನೇ ವರ್ಷಕ್ಕೆ. ಓದಿದ ಎರಡು ವರ್ಷಕ್ಕೆ ಒಂದು ಪದವಿಯನ್ನಾದರೂ ಹಿಡಿದು ಹೊರಬರೋಣವೆಂದರೆ, ವಕೀಲರ ಪರಿಷತ್ತಿನ 2008ರ ನಿಯಮಗಳು ಅದಕ್ಕೂ ಬಿಡುವುದಿಲ್ಲ. ಅಮೆರಿಕದಲ್ಲಿ ಮೂರು ವರ್ಷದ ಕಾನೂನು ಪದವಿಯ ಮೊದಲ ವರ್ಷದಲ್ಲಿ ಒಳ್ಳೆಯ ಅಂಕ ತೆಗೆದವರು ಹೆಚ್ಚು ಹೆಸರಿರುವ ಶಾಲೆಯ ಎರಡನೇ ವರ್ಷಕ್ಕೆ ವರ್ಗವಾಗಬಹುದು. ನಮ್ಮ ಹುಡುಗಿಯ ಎರಡು ವರ್ಷದ ಓದು, ಬಸ್ಸಿನ ಪಾಸು, ಭಾವ ರಾತ್ರಿ ಹೊಲಿದು ಕಟ್ಟಿದ ಫೀಸು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಅನುಮತಿ ಪಡೆದು ಹೋಗಬಹುದು. ಬೆಂಗಳೂರಿನದೇ ಒಂದು ದೊಡ್ಡ ಕಾಲೇಜಿಗೆ ಹೋಗು ಎಂದೆವು.

"ಅಲ್ಲೂ ಇದ ಪ್ರಶ್ನೆಪತ್ರಿಕೆ ಬರತದ ಮಾಮೂ. ಗೋಡೆ ಅಷ್ಟ ಬ್ಯಾರೆ."

ಕೇಂದ್ರ ಸರಕಾರ 2018ರಲ್ಲಿ ಕಾನೂನು ಶಾಲೆಗಳಿಗೂ ರ‍್ಯಾಂಕು ಕೊಡತೊಡಗಿದಾಗ ಮೊದಲ ಸ್ಥಾನ ಪಡೆದದ್ದು ಬೆಂಗಳೂರಿನ ಲಾ ಸ್ಕೂಲ್. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ 2021ರಿಂದ ಶೇಕಡಾ 25ರಷ್ಟು ಸೀಟುಗಳಿವೆ. ಆದರೆ ಆ ಸೀಟಿಗೂ ಇಂಗ್ಲಿಷಿನಲ್ಲೇ ಪರೀಕ್ಷೆ: ಎರಡು ಗಂಟೆ, 120 ಪ್ರಶ್ನೆ. ರಾಜ್ಯ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯ ಮೇಲಾದರೆ ಪೂರ್ತಿ ಇಂಗ್ಲಿಷಿನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಿರಿ ಎಂದಿರುತ್ತದೆ. ಹುಡುಗಿ ಮೊದಲ ಸೆಮಿಸ್ಟರ್ ದಾಟಿದ್ದು ಆ ಒಂದು ಸಾಲಿನ ದಯದಿಂದ.

ಅಕ್ಕ ಬೆರಳು ಮಡಚಿ ಎಣಿಸಿದಳು. ಈಗ ಇಪ್ಪತ್ತು. ಮತ್ತೆ ಐದು ವರ್ಷವೆಂದರೆ ಇಪ್ಪತ್ತೈದು. ಮುಂದಿನದನ್ನು ಅವಳು ಆಡಲಿಲ್ಲ, ಆಡದೆಯೂ ಎಲ್ಲರಿಗೂ ಕೇಳಿಸಿತು. ಕಥೆಗಳಲ್ಲಿ ಹೆಣ್ಣುಮಕ್ಕಳನ್ನು ಎಷ್ಟೋ ಸಲ ಹೊಸ್ತಿಲು ದಾಟಿಸಿದ ನಾವು ಆ ರಾತ್ರಿ ಚಹಾ ಲೋಟ ನೋಡುತ್ತ ಕುಳಿತೆವು.

ಅವಳು ಕಾಲೇಜು ಬಿಡದೆಯೇ ತಯಾರಿ ನಡೆಸಿ ಡಿಸೆಂಬರಿನಲ್ಲಿ ಕ್ಲಾಟ್ ಬರೆದಳು. ಬೇಕಾದ ರ‍್ಯಾಂಕು ಬರಲಿಲ್ಲ. ಆ ದಿನ ಎಲ್ಲರೂ "ಹೋಗಲಿ ಬಿಡು ಬೇಟಿ" ಎಂದೆವು. ಅಕ್ಕ ಶ್ಯಾವಿಗೆ ಖೀರು ಮಾಡಿದಳು. ನಿಜ ಹೇಳಬೇಕೆಂದರೆ ನಮಗೆಲ್ಲ ಒಳಗೊಳಗೇ ಹಗುರಾಗಿತ್ತು. ಹುಡುಗಿ ಖೀರಿನ ಬಟ್ಟಲನ್ನೂ ನಮ್ಮ ಮುಖಗಳನ್ನೂ ನೋಡಿ, "ನಿಮಗ ಖುಷಿ ಆಗೇದಲ್ಲ?" ಎಂದಳು. ಯಾರೂ ಉತ್ತರ ಕೊಡಲಿಲ್ಲ.

ಈಗ ನಾಲ್ಕನೇ ವರ್ಷದಲ್ಲಿದ್ದಾಳೆ. ಎಲ್‌ಎಲ್‌ಎಂ ಓದಿಗೂ ಕ್ಲಾಟ್ ಉಂಟು, ಅದಕ್ಕೆ ಹಿಂದಿನ ಯಾವ ವರ್ಷವೂ ಕಳೆಯುವುದಿಲ್ಲ ಎಂದು ಅಪ್ಪನಿಗೆ ಲೆಕ್ಕ ಹೇಳಿದ್ದಾಳೆ. ಭಾವ ಕೋಟು ಹೊಲಿದು ಮುಗಿಸಿದ್ದಾರೆ. ಬೆಳಗಿನ ಬಸ್ಸಿಗೆ ಮಾತ್ರ ಇನ್ನು ಮೇಲೆ ಯಾರೂ ಜೊತೆಗೆ ಬರುವುದು ಬೇಡವೆಂದಿದ್ದಾಳೆ.