ತಾಯಿಯ ಹರಕೆ

ವಿಷಮಜ್ವರದಿಂದ ನಾವು ಹಾಸಿಗೆ ಹಿಡಿದಿದ್ದಾಗ, ಮಗನು ಎದ್ದರೆ ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಮೂಡುಬಿದಿರೆಯಿಂದ ಧರ್ಮಸ್ಥಳಕ್ಕೆ ಕಾಲ್ನಡೆಯಿಂದ ಬರುವೆನೆಂದು ತಾಯಿಯವರು ಹರಕೆ ಹೊತ್ತರು. ಹರಕೆಗಳೆಂದರೆ ನಗುವವರು ನಾವು. ಆದರೂ ಜೊತೆಗೆ ಹೊರಟೆವು. 1430ರ ಸಾವಿರ ಕಂಬದ ಬಸದಿಯನ್ನು ದಾಟುವಾಗ ನಮ್ಮ ಹೆಗಲಲ್ಲಿ ಹಾಸಿಗೆ, ಪಾತ್ರೆ, ಪುಸ್ತಕಗಳ ಹೊರೆ. ಅವರ ಗಂಟಿನಲ್ಲಿ ಒಂದು ಸೀರೆ, ಒಂದಿಷ್ಟು ಅವಲಕ್ಕಿ.

ವೇಣೂರಿನಲ್ಲಿ, ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನಿಗೆ ಕೈಮುಗಿದು, ಫಲ್ಗುಣಿಯ ದಡದಲ್ಲಿ ದಣಿವಾರಿಸಿಕೊಂಡೆವು. ಮುಂದೆ ದಾರಿಬದಿಯ ಮನೆಯವರು ಹೆಸರನ್ನೂ ಕೇಳದೆ ಬೆಲ್ಲ ನೀರು ಕೊಟ್ಟರು.

ಬೆಳ್ತಂಗಡಿಗೆ ಬರುವಷ್ಟರಲ್ಲಿ ತಾಯಿಯವರ ಅಂಗಾಲುಗಳಲ್ಲಿ ಬೊಕ್ಕೆಗಳೆದ್ದಿದ್ದವು. ಬಸ್ಸು ಹತ್ತೋಣವೆಂದು ನಾವು ಹಟ ಹಿಡಿದೆವು.

“ನಿನ್ನ ಜೀವಕ್ಕೆ ಹೇಳಿಕೊಂಡದ್ದು ಮಗಾ, ಅರ್ಧಕ್ಕೆ ಬಿಡಲೇ?” ಎಂದರು. ನಾವು ಮರುಮಾತಾಡದೆ ಅವರ ಗಂಟನ್ನೂ ಹೆಗಲಿಗೇರಿಸಿಕೊಂಡೆವು.

ಮೂರನೆಯ ದಿನದ ಸಂಜೆ, ಬಂಟ್ವಾಳದತ್ತ ಹರಿಯುವ ನೇತ್ರಾವತಿಯ ನೀರಿನಲ್ಲಿ ಆ ಪಾದಗಳನ್ನು ನಾವೇ ತೊಳೆದೆವು. ರಾತ್ರಿ ಮಂಜುನಾಥನ ಸನ್ನಿಧಿಯಲ್ಲಿ ಎತ್ತ ನೋಡಿದರೂ ದೀಪಗಳು. ತಿರುಗಿ ನೋಡಿದಾಗ ತಾಯಿಯವರ ಕಣ್ಣು ದೀಪಗಳ ಮೇಲಿರಲಿಲ್ಲ, ನಮ್ಮ ಮುಖದ ಮೇಲಿತ್ತು. ವಾಚಕರೇ, ಅಂದಿನಿಂದ ಯಾರ ಹರಕೆಯನ್ನು ಕೇಳಿದರೂ ನಾವು ನಕ್ಕಿಲ್ಲ.